ನಗು, ಹನ್ನೊಂದು ಸೆಕೆಂಡು

ಕೋರ್ಟಿನಲ್ಲಿ ನನ್ನ ಕೆಲಸ
ತುಳುವನ್ನು ಕನ್ನಡಕ್ಕೆ ದಾಟಿಸುವುದು, ಬೆಂಗ್ರೆಯ ದೋಣಿಯ ಹಾಗೆ.
ಯಾರ ಚೀಲದಲ್ಲಿ ಎಂತ ಉಂಟು
ಕೇಳುವ ಹಾಗಿಲ್ಲ.

ಮೊನ್ನೆ ಬಂದದ್ದು ಒಂದು ಪೆನ್ ಡ್ರೈವ್,
ಲಕೋಟೆಯ ಮೇಲೆ ಅರಗಿನ ಮುದ್ರೆ,
ಒಳಗೆ ಮೈದಾನದ ಒಂದು ಸಂಜೆ, ನಲವತ್ತೆರಡು ನಿಮಿಷ.
ಸೆಕ್ಷನ್ನಿನ ನಂಬರು ಹೊಸತು, ಒಕ್ಕಣೆ ನನಗೆ ಬಾಯಿಪಾಠ:
ಗುಂಪು ಗುಂಪುಗಳ ನಡುವೆ ವೈರ ಬೆಳೆಸುವುದು.

ಆತ ಶುರು ಮಾಡಿದ್ದು "ಬಲೆ" ಎಂದು.
ತುಳುವಿನಲ್ಲಿ ಬಲೆ ಅಂದರೆ ಬನ್ನಿ.
ಕನ್ನಡದಲ್ಲಿ ಎಂತ ಎಂದು ನಿಮಗೆ ಗೊತ್ತು.
ನಾನು ಪ್ರಾಮಾಣಿಕವಾಗಿ "ಬನ್ನಿ" ಎಂದೇ ಬರೆದೆ.

ಬೈಗುಳ ಒಂದೂ ಇರಲಿಲ್ಲ ಮಾರಾಯ್ರೆ.
ಇದ್ದದ್ದು ತೋಡು, ಹೂಳು,
ಮಳೆಗಾಲಕ್ಕೆ ಮುಂಚೆ ಊರು ಚೊಕ್ಕ ಮಾಡುವ ವಿಚಾರ.
"ಯಾವ ಓಣಿಯ ನೀರು ಯಾವ ಬಾವಿಗೆ ಬರ್ತದೆ,
ನಾನು ಹೇಳುವುದು ಬೇಡ, ನಿಮಗೆ ಗೊತ್ತುಂಟು."
ಆಮೇಲೆ ಸ್ವಲ್ಪ ಮೌನ.
ಆಮೇಲೆ ನಗು.
ಗಡಿಯಾರ ನೋಡಿ ಎಣಿಸಿದೆ, ಹನ್ನೊಂದು ಸೆಕೆಂಡು.

ಅವನ ವಕೀಲರು ಓದಿದವರು, ಕೇಳುತ್ತಾರೆ:
ತೋಡಿನ ಬಗ್ಗೆ ಮಾತಾಡುವುದು ಅಪರಾಧವೆ?
ನಾಳೆ ಬಂಗುಡೆಯ ಕ್ರಯ ಏರಿತು ಎಂದರೂ ಹಿಡಿಯುತ್ತೀರೋ?
ಪ್ರಶ್ನೆ ಸರಿಯೇ. ಸರಿ ಎಂಬುದೇ ನನಗೆ ಸಂಕಟ.
ಅದೇ ಕಪಾಟಿನಲ್ಲಿ, ಅದೇ ಸೆಕ್ಷನ್ನಿನಡಿ,
ಹುಡುಗ ಶ್ರವಿನನ ಫೈಲೂ ಉಂಟಲ್ಲ.
ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನ ಗೋಡೆಗೆ, ಸೀಮೆಸುಣ್ಣದಲ್ಲಿ,
ಒಬ್ಬ ಮುಖಂಡರ ಹೊಟ್ಟೆಯ ಬಗ್ಗೆ ಎರಡು ಸಾಲು.
ಪ್ರಾಸ ಕೂಡ ಸರಿ ಕೂತಿರಲಿಲ್ಲ.
ಹದಿನಾರು ದಿನ ಒಳಗಿದ್ದ.
ಅದನ್ನೂ ನಾನೇ ಅನುವಾದಿಸಿದ್ದು, ನಗು ತಡೆದುಕೊಂಡು.

ತಮ್ಮ ಗಿರಿಯಪ್ಪ ಬಂದರಿನಲ್ಲಿ ಬಲೆ ಹೆಣೆಯುತ್ತಾನೆ.
ಅವನಿಗೆ ಒಂದೇ ಲೆಕ್ಕ, ಕಣ್ಣಿನ ಅಳತೆ.
ಸಣ್ಣದಾದರೆ ಮರಿಗಳೆಲ್ಲ ಬಂದು ಸಾಯ್ತವೆ ಅಕ್ಕಾ,
ದೊಡ್ಡದಾದರೆ ಬೂತಾಯಿ ಪೂರಾ ಹೊರಗೆ.
ಸರಿಯಾದ ಕಣ್ಣು ಎಷ್ಟು, ಕೇಳಿದೆ ಒಮ್ಮೆ.
"ಯಾವ ಮೀನು ಅಂತ ಮೊದಲು ಹೇಳು."
ಮೀನಲ್ಲ ಮಾರಾಯ, ಹಿಡಿಯಬೇಕಾದ್ದು ನೀರು ಎಂದು
ಅವನ ಹತ್ತಿರ ಹೇಗೆ ಹೇಳಲಿ.

ಮತ್ತೆ ಆ ಒಂದು ಪದ, "ನಮ".
ತುಳುವಿನಲ್ಲಿ ಎರಡು ನಾವು ಉಂಟು.
ಎಂಕುಲು ಅಂದರೆ ನಾವು, ನಿಮ್ಮನ್ನು ಬಿಟ್ಟು.
ನಮ ಅಂದರೆ ನಾನೂ, ಕೇಳುತ್ತಿರುವ ನೀನೂ.
ಆತ ಒಮ್ಮೆಯೂ ಎಂಕುಲು ಅನ್ನಲಿಲ್ಲ.
ಕನ್ನಡಕ್ಕೆ ಇರುವುದು ಒಂದೇ ನಾವು,
ಅದನ್ನೇ ಇಟ್ಟೆ, ಐವತ್ತಮೂರು ಸಲ.
ಹೆಡ್‌ಫೋನಿನೊಳಗೆ ಪ್ರತಿ ಸಲವೂ
ಯಾರೋ ಕೈ ಹಿಡಿದು ಮುಂದಿನ ಸಾಲಿನಲ್ಲಿ ಕೂರಿಸಿದ ಹಾಗೆ.
ಹಿತವಾಗಿತ್ತು. ಸುಳ್ಳು ಹೇಳುವುದಿಲ್ಲ.

ಆ ನಗುವನ್ನು ಏಳು ಸಲ ಹಿಂದೆ ಮುಂದೆ ಓಡಿಸಿದೆ.
ಒಂಬತ್ತನೆಯ ಸೆಕೆಂಡಿನಲ್ಲಿ ಒಬ್ಬ ನಗುತ್ತಾ ಕೆಮ್ಮುತ್ತಾನೆ,
ಕೆಮ್ಮಿ ಮತ್ತೆ ನಗುತ್ತಾನೆ,
ಕೊನೆಗೊಂದು ಸಿಳ್ಳೆ, ಹಲ್ಲು ಹೋದ ಸಂದಿನಿಂದ.
ಆ ಹಲ್ಲು ಬೀಳಿಸಿದ್ದು ನಾನೇ,
ಲಗೋರಿಯಲ್ಲಿ, ಗಿರಿಯಪ್ಪನಿಗೆ ಹನ್ನೆರಡು ವರ್ಷ.

ಷರಾ ಕಾಲಮ್ಮಿನಲ್ಲಿ ಬರೆದೆ:
ಇಲ್ಲಿ ಸಭೆಯ ನಗು, ಹನ್ನೊಂದು ಸೆಕೆಂಡು.
ಯಾರದ್ದೆಂದು ಬರೆಯಲಿಲ್ಲ. ಕಾಲಮ್ಮು ಇರಲಿಲ್ಲ.
ವಕೀಲರು ಎದ್ದರು: ನಗು ಭಾಷೆಯಲ್ಲ ಮಹಾಸ್ವಾಮಿ,
ಅನುವಾದಕಿಯ ವ್ಯಾಪ್ತಿಗೆ ಬರುವುದಿಲ್ಲ.
ಜಡ್ಜರು ಕನ್ನಡಕ ತೆಗೆದು ಒರೆಸಿಕೊಂಡರು.
ಹೊಡೆದು ಹಾಕಿ ಎಂದರು.
ಹಾಕಿದೆ. ಮುಂದಿನ ತಾರೀಕು ಹದಿನೇಳು.

ಸಂಜೆ ಫೆರಿಯಲ್ಲಿ ಗಿರಿಯಪ್ಪ ಇದ್ದ.
ಬ್ರಾಂಚಿಗೆ ಬೀಡಿ ಕೊಟ್ಟು, ಎಲೆಯ ಕಟ್ಟು ಹಿಡಿದು
ಅವ್ವಮ್ಮ ಇದ್ದಳು.
ಅವಳ ಮನೆ ಆ ಓಣಿಯಲ್ಲೇ,
ಯಾವುದೆಂದು ನಾನು ಹೇಳುವುದು ಬೇಡ.
ಅವಳೆಂತದೋ ಅಂದಳು, ಇವನು ನಕ್ಕ,
ಕೆಮ್ಮಿದ, ನಕ್ಕ, ಸಿಳ್ಳೆ.
ಅವಳೂ ನಕ್ಕಳು.
ಎಣಿಸಬಾರದೆಂದುಕೊಂಡೂ ಎಣಿಸಿದೆ.
ದಡ ಮುಟ್ಟಿದಾಗ ಅವಳ ಎಲೆಕಟ್ಟನ್ನು ಹೆಗಲಿಗೇರಿಸಿ
ಇಬ್ಬರಿಗೂ ಅಂದ:
ಬಲೆ, ನಮ ಪೋಯಿ.

ನನಗೆ ಏಳಲಿಕ್ಕೆ ಸ್ವಲ್ಪ ತಡವಾಯಿತು.