ಸದ್ದು ಬೇಕೋ, ತೂತು ಬೇಕೋ

ಬುಡೇನ್ ಸಾಬರು ಮೇಜಿನ ಮೇಲೆ ಮೂರು ಡಬ್ಬ ಇಟ್ಟು
ಕೇಳಿದ್ದು ಒಂದೇ ಮಾತು:
"ಸದ್ದು ಬೇಕೋ, ತೂತು ಬೇಕೋ?"

ಮೊದಲನೆಯದು ಪರದೇಶದ್ದು, ಮದುವೆಮನೆಯ ಹಿತ್ತಾಳೆ,
ಒಂದೊಂದರ ರೇಟಿಗೆ ಎರಡೆರಡು ಬೆಣ್ಣೆದೋಸೆ.
ಎರಡನೆಯದು ಕಾರ್ಖಾನೆಯದು,
ಹನ್ನೆರಡರಲ್ಲಿ ಎರಡಕ್ಕೆ ಸಿಟ್ಟು, ಒಂದಕ್ಕೆ ಮರೆವು.
ಮೂರನೆಯದು ಬಿಸ್ಕತ್ತಿನ ಡಬ್ಬ:
ಸಂಘದ ಲೈಸೆನ್ಸಿನಲ್ಲಿ ಸಾಬರೇ ಮತ್ತೆ ತುಂಬಿದ್ದು,
ಮೂತಿ ಚಪ್ಪಟೆ, ಮೈ ಮಾಸಲು,
ಬುಡದಲ್ಲಿ ಮಾರ್ಕರಿನ ಚುಕ್ಕಿಗಳು,
ಎಷ್ಟು ಸಲ ಹುಟ್ಟಿತೆಂಬ ಲೆಕ್ಕ.

ಮೊದಲ ವರ್ಷ ನಾನು ಸದ್ದನ್ನೇ ಆರಿಸಿಕೊಂಡಿದ್ದೆ.
ಪ್ರತಿ ಹೊಡೆತಕ್ಕೂ ಬಾತಿ ಗುಡ್ಡ ತಿರುಗಿ ಬೈಯುತ್ತಿತ್ತು,
ನವಿಲುಗಳು ಎದ್ದು ಹೋಗುತ್ತಿದ್ದವು,
ಕಾಗದದ ಮೇಲೆ ಮಾತ್ರ ಕೋಳಿ ಕೆದರಿದ ಹಾಗೆ.
ಬರಬರುತ್ತಾ ಕುದುರೆ ಬೀಳುವ ಮೊದಲೇ ಕಣ್ಣು ಮುಚ್ಚತೊಡಗಿತು.
"ಕೈ ಹೆದರಿಲ್ಲಮ್ಮ, ಕೈಗೆ ನೆನಪು ಜಾಸ್ತಿ" ಅಂದರು ಸಾಬರು.

ಚನ್ನಗಿರಿಯ ಬೀಗರು ಕೇಳುತ್ತಾರೆ: ತೋಟ ಎಷ್ಟಿದೆ?
ಐವತ್ತು ತೋಟಾ ಇದೆ, ಅನ್ನುತ್ತೇನೆ,
ಮಾತು ಅಲ್ಲಿಗೇ ನಿಲ್ಲುತ್ತದೆ.

ಚೌಕಿಪೇಟೆಯ ಮೌನೇಶಾಚಾರಿ ತೀರಿಕೊಂಡ ಮೇಲೆ
ಅವರ ಪುಟ್ಟ ತಕ್ಕಡಿ ಬಂದದ್ದು ಇಲ್ಲಿಗೆ.
ಬಂಗಾರ ತೂಗಿದ ತಟ್ಟೆಯಲ್ಲಿ ಈಗ ಮದ್ದು.
ಫ್ಯಾನು ನಿಲ್ಲಿಸು. ಉಸಿರು ಆ ಕಡೆ ಬಿಡು.
ಗುಲಗಂಜಿಯ ಕಪ್ಪು ಕಣ್ಣಿನಷ್ಟು ಹೆಚ್ಚಾದರೂ
ಸುರುವಿ, ಮೊದಲಿಂದ.

"ಯಾತರದ್ದು ಗೊತ್ತೇನು ಇದು, ಹಾಲಪ್ಪನ ಮಗಳೇ?
ಹತ್ತಿಯದು. ಆಸಿಡ್ಡಿನಲ್ಲಿ ಮಿಂದ ಹತ್ತಿ."

ಹತ್ತಿ.
ಮೂವತ್ತೊಂದು ವರ್ಷ ಮಿಲ್ಲಿನಿಂದ ಅಪ್ಪ
ರೆಪ್ಪೆಯ ಮೇಲೂ ಅದನ್ನೇ ಹೊತ್ತು ಬರುತ್ತಿದ್ದ.
ಸೈರನ್ನು ನಿಂತ ಬೆಳಿಗ್ಗೆ
ಇಡೀ ಓಣಿ ತಡವಾಗಿ ಎದ್ದಿತ್ತು.
ಆಮೇಲೆ ಅವನ ಕೆಮ್ಮಿಗೆ
ಅವ್ವ ಚಮಚದಲ್ಲಿ ಅಳೆದು ಕೊಡುತ್ತಿದ್ದಳಲ್ಲ,
ಅದಕ್ಕೂ ನಾವು ಮದ್ದು ಅಂತಲೇ ಅನ್ನುತ್ತಿದ್ದೆವು.

ಸಾಬರಿಗೆ ಏನೂ ಹೇಳಲಿಲ್ಲ.
ಮುಳ್ಳು ನಡುವೆ ಬಂದು ನಿಂತಿತು.

ಭಾನುವಾರದ ಪಂದ್ಯಕ್ಕೆ ಬಿಸ್ಕತ್ತಿನ ಡಬ್ಬ.
ಗುಡ್ಡ ಬೈಯಲಿಲ್ಲ, ಗೊಣಗಿತು ಅಷ್ಟೆ.
ಬ್ಯಾಂಕಿನವರು ಪಂಚ್ ಒತ್ತಿದ ಹಾಗೆ
ದುಂಡು ದುಂಡು ತೂತು,
ಒಂದು ಮಾತ್ರ ಎಡಕ್ಕೆ ಓಡಿಹೋಗಿತ್ತು.
ಅರವತ್ತಕ್ಕೆ ಐವತ್ತೊಂದು. ನಾಲ್ಕನೆಯವಳು.
ಮೆಡಲ್ಲು ಹರಿಹರದ ಹುಡುಗನಿಗೆ.

ಪಿಸ್ತೂಲಾದರೆ ಖಾಲಿಯಾದದ್ದನ್ನು
ಆಗಲೇ ಹುಲ್ಲಿಗೆ ಬಿಸಾಡುತ್ತದೆ.
ರಿವಾಲ್ವರು ಹಾಗಲ್ಲ,
ಆರನ್ನೂ ಹೊಟ್ಟೆಯಲ್ಲೇ ಇಟ್ಟುಕೊಂಡು
ನಾವು ಕೇಳುವವರೆಗೆ ಕಾಯುತ್ತದೆ.
ಕಡ್ಡಿ ಒತ್ತಿದೆ, ಅಂಗೈಗೆ ಬಿದ್ದವು,
ಆಗಷ್ಟೇ ಇಟ್ಟ ಮೊಟ್ಟೆಗಳ ಬಿಸಿ.

ಸಾಬರು ಉಗುರಾಡಿಸಿ ನೋಡಿದರು.
ಐದಕ್ಕೆ ಚುಕ್ಕಿ ಇಟ್ಟರು.
ಆರನೆಯದರ ಬಾಯಲ್ಲಿ ಕೂದಲೆಳೆಯ ಸೀಳು.
ರಿಜಿಸ್ಟರು ತೆಗೆದು ಬರೆದರು: ಒಂದು, ನಿವೃತ್ತ.
ಬರೆದು,
ಬಹಳ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.