ಅರ್ಧ ಮೈಲಿ ಉತ್ತರಕ್ಕೆ

ಒಹಾಯೊದ ಈ ಕೌಂಟಿಗೆ ಹಲಗೆಗಳು ನಲವತ್ತೊಂದು.
ಏಪ್ರಿಲ್ ಬಂತೆಂದರೆ ಏಣಿ, ಬ್ರಶ್ಶು, ಹಳದಿ ಡಬ್ಬಿ;
ಚಳಿಗಾಲದ ಉಪ್ಪು ತಿಂದುಹಾಕಿದ ಅಕ್ಷರಗಳಿಗೆ
ಮತ್ತೆ ಬಣ್ಣ ತುಂಬುವುದು ನನ್ನ ಕೆಲಸ.

ಹದಿನೇಳನೆಯದು ಪೆಟ್ರೋಲ್ ಬಂಕಿನ ಪಕ್ಕ:
'ಇಲ್ಲಿಂದ ಅರ್ಧ ಮೈಲಿ ಉತ್ತರಕ್ಕೆ
ಅಮೋಸ್ ಲಾಟ್ ಮತ್ತು ಪತ್ನಿಯ ಕಡವು. ೧೮೪೩.'
ಇಲ್ಲಿ ಏನೂ ನಡೆದಿಲ್ಲ.
ಕಾರು ನಿಲ್ಲಿಸಲು ಜಾಗವಿತ್ತು, ಅಷ್ಟೆ.

ಒಮ್ಮೆ ಊಟದ ಬಿಡುವಿನಲ್ಲಿ ಹೋಗಿ ನೋಡಿದೆ.
ನದಿ ಎಂದೋ ಮಗ್ಗುಲು ಬದಲಿಸಿದೆ.
ಬರೀ ಸೋಯಾ ಹೊಲ. ಟ್ರ್ಯಾಕ್ಟರಿನಿಂದ ಇಳಿಯದೆಯೇ
ಮುದುಕ ಓರ್ವಿಲ್ ಸ್ಟಾಟ್ಸ್ ದಕ್ಷಿಣಕ್ಕೆ ಕೈ ತೋರಿದ:
"ಕಡವೇ? ಅದು ಅಲ್ಲಿ, ಬಂಕಿನ ಹತ್ತಿರ.
ಬೋರ್ಡೇ ಇದೆಯಲ್ಲ, ಕಾಣಲಿಲ್ಲವೇ?"

ಕೋರ್ಟಿನ ನೆಲಮಾಳಿಗೆಯಲ್ಲಿ ಡೆಲ್ಫಾ
ಸುಂಕದ ಪುಸ್ತಕ ಬಿಚ್ಚಿ ತೋರಿಸಿದಳು.
ಅಮೋಸ್ ಮುಳುಗಿದ್ದು ಎರಡನೇ ಬೇಸಿಗೆಗೇ.
ಆಮೇಲೆ ಇಪ್ಪತ್ತಾರು ವರ್ಷ
ಹುಟ್ಟು ಹಾಕಿದವಳ ಕೈಬರಹ:
ಕುದುರೆಗೆ ಮೂರು ಸೆಂಟು, ಹಂದಿಗೆ ಒಂದು,
ಪಾದ್ರಿಗೆ ಅರ್ಧ, ಅದೂ ಸಾಲ.
ಕೆಲವು ರಾತ್ರಿಗಳ ಮುಂದೆ
ಹೆಸರಿಲ್ಲ, ಕಾಸಿಲ್ಲ,
ಆ ದಡದಿಂದ ಈ ದಡಕ್ಕೆ ಒಂದು ಗೀಟು.
ಯಾರನ್ನು ದಾಟಿಸಿದಳೋ,
ಬೆನ್ನಟ್ಟಿ ಬಂದವರಿಗೆ ಏನು ಹೇಳಿದಳೋ.

ಕೆಜಾಯಾ ಅವಳ ಹೆಸರು.
ಎರಕದವರು ಅಕ್ಷರಕ್ಕಿಷ್ಟೆಂದು ದುಡ್ಡು ಕೇಳುತ್ತಿದ್ದರಂತೆ;
ಪತ್ನಿ ಅಂದರೆ ಅಗ್ಗ.

ಅಕ್ಷರ ಸೇರಿಸುವ ಅಧಿಕಾರ ನನಗಿಲ್ಲ.
ಈ ಸಲ ಮುಂಭಾಗ ಮುಗಿಸಿ, ಏಣಿ ತಿರುಗಿಸಿ,
ಹಲಗೆಯ ಬೆನ್ನಿಗೆ, ಜೋಳದ ಹೊಲ ಮಾತ್ರ ನೋಡುವ ಕಡೆ,
ಉಳಿದ ಹಳದಿಯಲ್ಲಿ ಒಂದು ಗೀಟೆಳೆದೆ.
ಮೇಲಿನವರು ಕೇಳಿದರೆ
ಬ್ರಶ್ಶು ಒರೆಸಿದೆ ಅನ್ನುತ್ತೇನೆ.