ಮೂರನೇ ಪೆಟ್ಟಿಗೆಯ ಲೆಕ್ಕ

ಆಲೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ
ಜೂನ್ ಆರಕ್ಕೆ ಒಂದು ಸುತ್ತು ಹಾಕಿದ್ದೇನೆ:
ಮೂರನೇ ಪೆಟ್ಟಿಗೆ, ಹೊಸ ರಾಣಿ ಹೊರಬಿದ್ದ ದಿನ.
ಪಕ್ಕದಲ್ಲಿ ಯಾರೋ ಕೊಪ್ಪರಿಗೆ ಬಾಡಿಗೆಯ ಬಾಕಿ ಬರೆದಿದ್ದಾರೆ,
ಎರಡೂ ಅಂಕಿ ಒಂದಕ್ಕೊಂದು ಅಂಟಿಕೊಂಡಿವೆ.

ಹಳೆಯ ರಾಣಿಯನ್ನು ಜಜ್ಜಿದ್ದು ನನ್ನ ಚೌಕಟ್ಟೇ.
ಹೊಂಗೆಯ ಕೊನೆಯ ಜೇನು ತೆಗೆಯುವ ಆತುರದಲ್ಲಿ
ಎರಡು ಎರಿಗಳ ನಡುವೆ ಏನೋ ಮೆತ್ತಗೆ ಸಿಕ್ಕಿತು,
ನೋಡಿದರೆ ಅವಳು.
ಗಂಡುಮರಿಯ ಎರಿ ಕುಯ್ದು ಕೋಳಿಗೆ ಎಸೆದವಳೂ ನಾನೇ,
ತಿಂದುಂಡು ಬಿದ್ದಿರುವ ಸೋಮಾರಿಗಳು, ಜೇನಾದರೂ ಉಳಿಯಲಿ ಅಂತ.
ಅಕ್ಕಪಕ್ಕದ ಐದು ಪೆಟ್ಟಿಗೆಯಲ್ಲೂ ಕುಯ್ದೆ.
ಚೊಕ್ಕಟವಾಗಿ ಕುಯ್ದೆ.

ಅವಳಿಗೆ ಹಾರುವ ವಯಸ್ಸಾದಾಗ
ಆಷಾಢ ಹುಟ್ಟುವ ಮೊದಲೇ ಆಷಾಢದ ಗಾಳಿ
ಕುಂತಿಬೆಟ್ಟದ ಕಡೆಯಿಂದ ಎದ್ದಿತ್ತು.
ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ತಲೆ ಬಾಚಿಕೊಂಡು ನಿಂತವು,
ಒಣಹಾಕಿದ ಕಬ್ಬಿನ ಸಿಪ್ಪೆ ನಾಲೆ ದಾಟಿ ಹೋಯಿತು.
ಹನ್ನೊಂದನೇ ದಿನ ಮಧ್ಯಾಹ್ನ ಅರ್ಧ ಗಂಟೆ ಗಾಳಿ ಸುಮ್ಮನಾಯಿತು.
ಬಾಗಿಲಿಗೆ ಬಂದಳು. ಒಮ್ಮೆ ತಿರುಗಿ ಪೆಟ್ಟಿಗೆಯ ಮುಖ ನೋಡಿಕೊಂಡು
ಹುಣಸೆಮರದ ನೆತ್ತಿಯತ್ತ ಹೋದಳು.
ನಾನು ಬೆಲ್ಲದ ಅಚ್ಚು ತೊಳೆಯುವುದು ಬಿಟ್ಟು ಕೂತೆ.
ಒಂಬತ್ತು ನಿಮಿಷ.
ಹೋದ ಹಾಗೇ ಬಂದಳು. ಬಾಲದ ತುದಿಯಲ್ಲಿ
ಇರಬೇಕಾದ ಬಿಳಿ ಎಳೆ ಇರಲಿಲ್ಲ.
ಮೇಲೆ ಅವಳಿಗಾಗಿ ಯಾರೂ ಕಾಯುತ್ತಿರಲಿಲ್ಲ.

ಈಗ ಮೂವತ್ತಾರನೇ ದಿನ. ಮೊಟ್ಟೆ ಇಡುತ್ತಿದ್ದಾಳೆ.
ಎರಿ ಎತ್ತಿ ಬೆಳಕಿಗೆ ಹಿಡಿದೆ: ಅಲ್ಲೊಂದು ಇಲ್ಲೊಂದು ಉಬ್ಬಿದ ಮುಚ್ಚಳ,
ಮುಚ್ಚಳದ ನೆತ್ತಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು.
ಎಲ್ಲವೂ ಗಂಡು.
ನಮ್ಮೂರಲ್ಲಿ ಹೀಗೆ ಹೆತ್ತರೆ ಕೊಬ್ಬರಿ ಸಕ್ಕರೆ ಹಂಚುತ್ತಾರೆ.
ನನಗೆ ಎರಡನೆಯದೂ ಹೆಣ್ಣಾದಾಗ
ಅತ್ತೆ ಆಸ್ಪತ್ರೆಯ ಮೆಟ್ಟಿಲಿನಿಂದಲೇ ಬಸ್ಸು ಹತ್ತಿದ್ದರು.
ಇಲ್ಲಿ ಅದೇ, ಮನೆ ಅಳಿಯುವ ಗುರುತು.

ಮಂಚಯ್ಯಣ್ಣ ಬಗ್ಗಿ ನೋಡಿ, ಎಲೆಯಡಿಕೆ ಉಗಿದು ಹೇಳಿದ:
"ಯಾರೂ ಇಲ್ದಿರೋ ಕಾಲ್ದಲ್ಲಿ ಹುಟ್ಬುಟ್ಟವ್ಳೆ ಕಣವ್ವ, ಅವ್ಳ ತಪ್ಪೇನಿಲ್ಲ.
ಇನ್ನೊಂದ್ ಹದಿನೈದ್ ದಿನ ಬುಟ್ರೆ ಪೆಟ್ಗೆ ಖಾಲಿ, ಮೇಣದ ಹುಳ ಬೀಳ್ತದೆ.
ಚಿವುಟ್ಬುಡು. ಉಳ್ದವನ್ನ ಐದ್ನೇದಕ್ಕೆ ಸೇರ್ಸು."

ತಪ್ಪೇನಿಲ್ಲ, ಚಿವುಟು.
ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಹೇಳಲೇಬೇಕಿತ್ತು.

ಬೆಂಕಿಪೊಟ್ಟಣ ಖಾಲಿ ಮಾಡಿ ಅದರೊಳಗೆ ಅವಳನ್ನು ಇಟ್ಟೆ.
ಸೊಂಟಕ್ಕೆ ಸಿಕ್ಕಿಸಿಕೊಂಡು ಅರ್ಧ ದಿನ ಓಡಾಡಿದೆ,
ಎರಡು ಕೊಪ್ಪರಿಗೆ ಇಳಿಸಿದೆ, ಮೂವರಿಗೆ ಕೂಲಿ ಕೊಟ್ಟೆ.
ಕಿವಿಗಿಟ್ಟರೆ ಕಾಲಿನ ಸಪ್ಪಳ, ಕಾಗದ ಕೆರೆಯುವ ಹಾಗೆ.
ಹೊತ್ತು ಮುಳುಗುವ ಮುಂಚೆ ತೆಗೆದು
ಹೆಬ್ಬೆರಳು, ತೋರುಬೆರಳು.
ಆಯಿತು.

ಐದನೇ ಪೆಟ್ಟಿಗೆಯ ಮೇಲೆ ಪೇಪರು ಹಾಸಿದೆ,
ಕೈಗೆ ಸಿಕ್ಕಿದ್ದು ನಾಲೆ ಹೂಳೆತ್ತುವ ಟೆಂಡರಿನ ಪುಟ.
ಮೊಳೆಯಿಂದ ನಾಲ್ಕು ತೂತು, ಮೇಲೆ ಸಕ್ಕರೆ ನೀರು,
ಅದರ ಮೇಲೆ ಮೂರನೆಯದನ್ನು ಇಳಿಸಿದೆ.
ಒಂದೇ ಸಲ ಸೇರಿಸಿದರೆ ಕೊಂದುಕೊಳ್ಳುತ್ತವೆ;
ಕಾಗದ ಕಡಿದು ಮುಗಿಸುವಷ್ಟರಲ್ಲಿ ವಾಸನೆ ಒಂದಾಗುತ್ತದೆ.
ಮೂರನೇ ದಿನ ಬಾಗಿಲ ಮುಂದೆ ಬೂದು ಹಿಟ್ಟು ಬಿದ್ದಿತ್ತು,
ಒಂದು ಚೂರಿನಲ್ಲಿ ಇನ್ನೂ ಓದಬಹುದಿತ್ತು: ಕೊನೆಯ ದಿ

ಆದರೆ ಅದಕ್ಕೂ ಮೊದಲು, ಆ ರಾತ್ರಿ,
ಅಂಟುವಾಳ ಹಾಕಿ ಉಜ್ಜಿದೆ, ಬೂದಿ ಹಾಕಿ ಉಜ್ಜಿದೆ.
ಬೆಳಗ್ಗೆ ಅಚ್ಚಿಗೆ ಬೆಲ್ಲ ಸುರಿಯುತ್ತಿದ್ದೆ.
ಆಲೆಮನೆಯಲ್ಲೇ ಇರುಳು ತಂಗಿದ್ದ,
ಮನೆ ಎತ್ತಿಟ್ಟದ್ದು ಗೊತ್ತಿರದ ಏಳೆಂಟು ನೊಣ
ಅಷ್ಟೊಂದು ಬೆಲ್ಲ, ತೊಟ್ಟಿ ತುಂಬ ಕಬ್ಬಿನ ಹಾಲು,
ಎಲ್ಲವನ್ನೂ ದಾಟಿ ಬಂದು
ನನ್ನ ಹೆಬ್ಬೆರಳ ಮೇಲೆ ಕೂತವು.
ಕಚ್ಚಲಿಲ್ಲ.
ಮೀಸೆಯಿಂದ ಉಗುರು ಸವರಿ ಸವರಿ,
ತಲೆ ಒಳಗೆ ಮಾಡಿ, ಸುತ್ತ ದುಂಡಗೆ ನಿಂತು
ರೆಕ್ಕೆ ಬೀಸತೊಡಗಿದವು.

ಬೆಲ್ಲ ಗಟ್ಟಿಯಾಗುತ್ತಿತ್ತು.
"ಬೇಗ ಕೈ ಆಡ್ಸಕ್ಕ," ಅಂತ ಚಿಕ್ಕತಾಯಿ ಕೂಗಿದಳು.
ನಾನು ಕೈ ಆಡಿಸಲಿಲ್ಲ.